ಸುಮ್ನೆ ನಿಂತ ಕೈ

ಒಂದು ವಿಡಿಯೋ ಗೇಮ್ ಆಡುವುದಕ್ಕಾಗಿ ಝೆರಾಕ್ಸ್ ಅಂಗಡಿಗೆ ಹೋದವನು ಈ ಊರಲ್ಲಿ ಬಹುಶಃ ನಾನೊಬ್ಬನೇ. ಮಳೆಗಾಲ. ಬೆಳಗಾವಿ ಮಳೆ ಗೊತ್ತಲ್ಲ, ಒಮ್ಮೆ ಹಿಡಿಯಿತೆಂದರೆ ಒಗೆದ ಬಟ್ಟೆ ನಾಲ್ಕು ದಿನ ಹಗ್ಗದ ಮೇಲೇ ಇರುತ್ತದೆ. ಪೆನ್‌ಡ್ರೈವನ್ನು ಹಾಲಿನ ಪಾಕೀಟಿನ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ಅನಗೋಳದ ನಮ್ಮ ಓಣಿ ತುದಿಯ ಅಂಗಡಿಗೆ ಹೋದೆ. ಪ್ರಿಂಟ್ ತೆಗೆಯಬೇಕಿದ್ದದ್ದು 14 ಪುಟ.

ಅಂಗಡಿಯವರು ಮೊದಲ ಪುಟ ನೋಡಿ "ಎಷ್ಟನೇ ಸೆಮ್ ರೀ?" ಅಂದರು. ಅವರ ತಪ್ಪೇನಿಲ್ಲ. ವಿಟಿಯು ಇರುವ ಊರು. ಅವರ ಮಷಿನ್ ಓಡುವುದೇ ಸೆಮಿಸ್ಟರ್ ಮೇಲೆ.

"ಸೆಮ್ ಅಲ್ರಿ, ಗೇಮು."

"ಗೇಮ್ ಆಡಾಕ ಪುಸ್ತಕಾ ಓದ್ಬೇಕ?"

"ಹೂಂ ರೀ."

"ಓದಿದ್ರ ಏನಾರ ಕೊಡ್ತಾರೇನ್ರಿ ಮತ್ತ?"

ಏನೂ ಕೊಡುವುದಿಲ್ಲ. ಆ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ಆಟದ ಹೆಸರು ಟಿಐಎಸ್-100. ಝಾಕ್ ಬಾರ್ತ್ ಎಂಬಾತ ಕಟ್ಟಿದ ಝಾಕ್‌ಟ್ರಾನಿಕ್ಸ್ ಅನ್ನೋ ಅಮೆರಿಕದ ಸಣ್ಣ ಕಂಪನಿ 2015ರಲ್ಲಿ ಬಿಟ್ಟದ್ದು. ತೀರಿಹೋದ ಅಂಕಲ್ ಒಬ್ಬರ ಹಳೇ ಕಂಪ್ಯೂಟರ್ ನಿಮ್ಮ ಕೈಗೆ ಬಂದಿದೆ, ಅದು ಕೆಟ್ಟಿದೆ, ಅದರ ಕೈಪಿಡಿ ಓದಿ ನೀವೇ ಸರಿ ಮಾಡಬೇಕು. ಕಥೆ ಬಹುಪಾಲು ಇಷ್ಟೇ. ಕಪ್ಪು ಪರದೆ, ಬಿಳಿ ಅಕ್ಷರ. ಓಡುವವನಿಲ್ಲ, ಹಾರುವವನಿಲ್ಲ, ಬಂದೂಕಿಲ್ಲ. ಪರದೆ ಮೇಲೆ 12 ಚೌಕಗಳು. ಒಂದೊಂದು ಚೌಕವೂ ಒಂದು ಪುಟಾಣಿ ಕಂಪ್ಯೂಟರ್. ಒಂದು ಚೌಕದಲ್ಲಿ ಹೆಚ್ಚೆಂದರೆ 15 ಸಾಲು ಪ್ರೋಗ್ರಾಮ್ ಬರೆಯಬಹುದು. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಬಿಸಿಯಾಗದೆ ಓಡುವ ಆಟ ಇದೊಂದೇ, ಅದಕ್ಕೇ ತಗೊಂಡೆ.

ನನ್ನ ಹೊಟ್ಟೆಪಾಡಿನ ಕೆಲಸವೂ ಹೆಚ್ಚುಕಮ್ಮಿ ಇದೇ. ಉದ್ಯಮಬಾಗ ಅನ್ನೋ ಕೈಗಾರಿಕಾ ಪ್ರದೇಶದ ಒಂದು ಶೆಡ್‌ನಲ್ಲಿ ಸಿಎನ್‌ಸಿ ಲೇಥ್‌ಗೆ, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕೊರೆಯುವ ಮಷಿನ್‌ಗೆ, ಪ್ರೋಗ್ರಾಮ್ ಬರೆಯುತ್ತೇನೆ, ಸೆಟ್ಟಿಂಗ್ ಮಾಡುತ್ತೇನೆ. ಸುತ್ತಲಿನ ಫೌಂಡ್ರಿಗಳಿಂದ ಕಾಸ್ಟಿಂಗ್, ಅಂದರೆ ಎರಕ ಹೊಯ್ದ ತುಂಡು, ಬರುತ್ತದೆ. ಪಂಪಿನ ಭಾಗ, ವಾಲ್ವಿನ ಬಾಡಿ, ಟ್ರ್ಯಾಕ್ಟರ್ ಪಾರ್ಟು. ಒರಟಾಗಿ, ಕಪ್ಪಗೆ, ಮರಳು ಹತ್ತಿಕೊಂಡು ಬರುತ್ತದೆ. ಅದನ್ನು ಚಕ್‌ನಲ್ಲಿ ಹಿಡಿಸಿ ಡ್ರಾಯಿಂಗ್‌ನಲ್ಲಿರುವ ಅಳತೆಗೆ ತರಬೇಕು. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಅಂತೀವಿ. ನಮ್ಮ ಜಗಳ ಎಲ್ಲಾ ಅದರದ್ದೇ.

ಹಾಗಾಗಿ ಗೆಳೆಯ ಕೇಳಿದ್ದು ಸರಿಯಾಗೇ ಇತ್ತು. "ಎಂಟು ತಾಸು ಅಲ್ಲಿ ಪ್ರೋಗ್ರಾಮ್ ಬರೀತಿ, ಮನಿಗೆ ಬಂದು ರೊಕ್ಕ ಕೊಟ್ಟು ಮತ್ತ ಅದನ್ನ ಬರೀತಿ. ತಲಿ ಸರಿ ಐತೇನಲೇ?" ಎರಡನೇ ರೇಲ್ವೆ ಗೇಟಿನ ಹತ್ತಿರ ಚಹಾ ಕುಡಿಯುತ್ತಾ ಕೇಳಿದ. ಅವನು ಮೊಬೈಲ್‌ನಲ್ಲಿ ಶೂಟಿಂಗ್ ಆಟ ಆಡುವವನು. ನಾನು ನಕ್ಕು ಸುಮ್ಮನಾದೆ. ಉತ್ತರ ಗೊತ್ತಿತ್ತು, ಆದರೆ ಅದಕ್ಕೆ ಹಳೇ ಕಥೆಯೊಂದನ್ನು ಹೇಳಬೇಕಿತ್ತು. ಚಹಾ ಅಷ್ಟು ಹೊತ್ತು ಬಿಸಿ ಇರುವುದಿಲ್ಲ.

ಆ ಕಥೆ ಇದು. ಕೆಲಸಕ್ಕೆ ಸೇರಿ ಎರಡನೇ ವರ್ಷ, ಆಗ ಬೇರೊಂದು ಶೆಡ್ಡು. ಹೊರಗೆ ಮಾಲು ತಗೊಂಡು ಹೋಗುವ ಟೆಂಪೊ ಬಂದು ನಿಂತಿದೆ, ಡ್ರೈವರ್ ಹಾರ್ನ್ ಹೊಡೀತಿದ್ದಾನೆ. ಹೊಸ ಜಾಬು. ಲೋಹ ಕೊರೆಯುವ ಟೂಲ್ ಬಂದು ನಿಲ್ಲಬೇಕಾದ ಜಾಗ 90 ಮಿಮೀ ವ್ಯಾಸದಲ್ಲಿ, ಜಾಬಿನ ಕೊರೆದು ಮುಗಿದ ಮುಖದಿಂದ 2 ಮಿಮೀ ಮುಂದೆ. ವ್ಯಾಸಕ್ಕೆ ನಾನು ಎಕ್ಸ್ 90 ಅಂತ ಬರೆದೆ. ಮುಂದೆ ಚುಕ್ಕಿ ಹಾಕಲಿಲ್ಲ. ಆ ಮಷಿನ್‌ನಲ್ಲಿ 90 ಆದಮೇಲೆ ಚುಕ್ಕಿ ಇದ್ದರೆ 90 ಮಿಲಿಮೀಟರ್. ಚುಕ್ಕಿ ಇಲ್ಲದಿದ್ದರೆ 90 ಮೈಕ್ರಾನ್. ಅಂದರೆ ಸೊನ್ನೆಯ ಪಕ್ಕ, ಜಾಬಿನ ನಟ್ಟನಡುವೆ. ಕಾಸ್ಟಿಂಗಿನ ಮುಖದಲ್ಲಿ ಇನ್ನೂ ಕೊರೆಯದ 3 ಮಿಮೀ ಜಾಸ್ತಿ ಇತ್ತು. ಟೂಲ್ ನಿಲ್ಲುವುದು 2 ಮಿಮೀಗೆ. ಲೆಕ್ಕ ನೀವೇ ಹಾಕಿ.

ಹೊಸ ಪ್ರೋಗ್ರಾಮನ್ನು ಮೊದಲು ಸಿಂಗಲ್ ಬ್ಲಾಕ್‌ನಲ್ಲಿ, ಒಂದೊಂದೇ ಸಾಲು, ನಿಧಾನಕ್ಕೆ ಓಡಿಸಿ ನೋಡಬೇಕು. ಎಲ್ಲರಿಗೂ ಗೊತ್ತಿರುವ ನೇಮ. ನಾನು ಹಾರ್ನ್ ಕೇಳಿಕೊಂಡು ಸೀದಾ ಸೈಕಲ್ ಸ್ಟಾರ್ಟ್ ಬಟನ್ ಒತ್ತಿದೆ. ಆ ಸದ್ದನ್ನು ಹೇಗೆ ಹೇಳಲಿ. ಬಾವಿಗೆ ಕಬ್ಬಿಣದ ಬಾಗಿಲು ಬಿದ್ದ ಹಾಗೆ. ಇಡೀ ಶೆಡ್ಡೇ ಸುಮ್ಮನಾಯಿತು. ಟೂಲಿನ ತುದಿಯ ಇನ್ಸರ್ಟ್ ಪುಡಿ, ಹೋಲ್ಡರ್ ಬಾಗಿತ್ತು, ಟೂಲ್‌ಗಳನ್ನು ಹಿಡಿದು ತಿರುಗುವ ಟರೆಟ್‌ನ ಅಲೈನ್‌ಮೆಂಟ್ ಹೋಗಿತ್ತು. ಎರಡು ದಿನ ಮಷಿನ್ ಬಂದ್. ಮಾಲೀಕರು ಬಂದು ನೋಡಿದರು. ಏನೂ ಅನ್ನಲಿಲ್ಲ, ಹೊರಟುಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವತ್ತಿನಿಂದ ನಾನು ಒಳ್ಳೇ ಹುಡುಗ ಆದೆ. ಹೊಸ ಜಾಬ್ ಬಂದರೆ ಹಳೇ ಪ್ರೋಗ್ರಾಮ್ ತೆಗೆಯುವುದು, ಅಂಕಿ ಬದಲಿಸುವುದು, ನಾಲ್ಕು ಸಲ ನೋಡುವುದು, ಓಡಿಸುವುದು. ಇದಕ್ಕಿಂತ ಬೇರೆ ದಾರಿ ಇದೆಯಾ ಅಂತ ಯೋಚಿಸಲೇ ಇಲ್ಲ. ಎಷ್ಟೋ ವರ್ಷ ಹೀಗೇ ನಡೆಯಿತು. ಎಲ್ಲರೂ ನನ್ನನ್ನು ಹುಷಾರಿನವನು ಅಂದರು. ಹೆದರಿದವನಿಗೂ ಹುಷಾರಿನವನಿಗೂ ಹೊರಗಿನಿಂದ ನೋಡಿದರೆ ಫರಕು ಕಾಣುವುದಿಲ್ಲ.

ಟಿಐಎಸ್-100ರಲ್ಲಿ ಗುಣಾಕಾರ ಮಾಡುವ ಒಂದು ಪಜಲ್ ಇದೆ. ಎರಡು ಅಂಕಿ ಬರುತ್ತವೆ, ಗುಣಿಸಿ ಹೊರಗೆ ಬಿಡಬೇಕು. ಎರಡನೇ ಕ್ಲಾಸಿನ ಲೆಕ್ಕ. ಆದರೆ ಈ ಮಷಿನ್‌ಗೆ ಗುಣಾಕಾರ ಬರುವುದಿಲ್ಲ. ಕೂಡುತ್ತದೆ, ಕಳೆಯುತ್ತದೆ, ಅಂಕಿಯನ್ನು ಪಕ್ಕದ ಚೌಕಕ್ಕೆ ದಾಟಿಸುತ್ತದೆ, ಸೊನ್ನೆ ಇದೆಯಾ ಅಂತ ನೋಡಿ ಬೇರೆ ಸಾಲಿಗೆ ಜಿಗಿಯುತ್ತದೆ. ಹತ್ತಿರ ಹತ್ತಿರ ಅಷ್ಟೇ. ಹಾಗಾದರೆ 7ನ್ನು 4ರಿಂದ ಗುಣಿಸುವುದು ಹೇಗೆ? 7ನ್ನು ನಾಲ್ಕು ಸಲ ಕೂಡುವುದು. ಇದು ಥಟ್ಟನೆ ಹೊಳೆಯಿತು. ಹಾರಿ ಕೂತೆ. ಹತ್ತು ನಿಮಿಷದ ಕೆಲಸ ಅಂದುಕೊಂಡೆ.

ಮೂರು ರಾತ್ರಿ ಹಿಡಿಯಿತು.

ಯಾಕೆಂದರೆ ಒಂದು ಚೌಕಕ್ಕೆ ನೆನಪಿರುವುದು ಎರಡೇ ಅಂಕಿ. ಒಂದು ಕೈಯಲ್ಲಿ, ಇನ್ನೊಂದು ಜೇಬಿನಲ್ಲಿ ಅಂದುಕೊಳ್ಳಿ. ಕೈಯಲ್ಲಿರುವುದನ್ನು ಮಾತ್ರ ಕೂಡಬಹುದು, ಕಳೆಯಬಹುದು. ಜೇಬಿನದ್ದು ಬೇಕೆಂದರೆ ಕೈಯದ್ದನ್ನು ಜೇಬಿಗೆ ಹಾಕಿ ಅದಲುಬದಲು ಮಾಡಬೇಕು. ಗುಣಾಕಾರಕ್ಕೆ ಮೂರು ಬೇಕು. ಏನನ್ನು ಕೂಡಬೇಕು, ಇನ್ನೆಷ್ಟು ಸಲ ಕೂಡಬೇಕು, ಇಲ್ಲಿಯವರೆಗೆ ಎಷ್ಟಾಯಿತು. ಮೂರನೆಯದನ್ನು ಎಲ್ಲಿಡುವುದು? ಪಕ್ಕದ ಚೌಕದಲ್ಲಿ ಇಟ್ಟು, ಬೇಕಾದಾಗ ಕೇಳಿ ತಗೊಳ್ಳಬೇಕು. ನಮ್ಮ ಮನೆಗೆ ಫ್ರಿಜ್ ಬರುವ ಮೊದಲು ಅವ್ವ ಪಕ್ಕದ ಮನೆಯಲ್ಲಿ ಹಾಲು ಇಡುತ್ತಿದ್ದಳಲ್ಲ, ಹಾಗೆ.

ಮೊದಲ ರಾತ್ರಿ ಎಲ್ಲಾ ನಿಂತುಬಿಟ್ಟಿತು. ಈ ಆಟದಲ್ಲಿ ಒಂದು ಚೌಕ ಅಂಕಿ ಕೊಡಲು ಕೈ ಚಾಚಿದರೆ, ಆಚೆಯವನು ತಗೊಳ್ಳುವವರೆಗೂ ಕೈ ಚಾಚಿಕೊಂಡೇ ಇರುತ್ತದೆ. ನನ್ನ ಎರಡು ಚೌಕಗಳು ಒಂದಕ್ಕೊಂದು ಕೊಡಲು ನಿಂತಿದ್ದವು. ತಗೊಳ್ಳುವವರು ಯಾರೂ ಇಲ್ಲ. ಮೊದಲೆಲ್ಲ ನಮ್ಮ ಮೂರನೇ ರೇಲ್ವೆ ಗೇಟು ಬಿದ್ದಾಗ ಎರಡೂ ಕಡೆಯವರು ಇಡೀ ರಸ್ತೆ ತುಂಬಿಕೊಂಡು ನಿಂತು, ಗೇಟು ಎದ್ದಮೇಲೆ ಯಾರೂ ಅಲ್ಲಾಡಲಾರದೆ ಹಾರ್ನ್ ಹೊಡೆಯುವುದನ್ನು ನೋಡಿದವರಿಗೆ ಬೇರೆ ವಿವರಣೆ ಬೇಡ. ಕಂಪ್ಯೂಟರಿನವರು ಇದಕ್ಕೆ ಡೆಡ್‌ಲಾಕ್ ಅಂತಾರಂತೆ. ಕಾಲೇಜಲ್ಲಿ ಒಂದು ಪಾಠವೇ ಇದೆಯಂತೆ. ನನಗೆ ಮೂರನೇ ಗೇಟೇ ಸಾಕು.

ಎರಡನೇ ರಾತ್ರಿ ಅದನ್ನು ಬಿಡಿಸಿದೆ. 7 ನಾಲ್ಕಲಿ 28 ಬಂತು. 5 ಮೂರಲಿ 15 ಬಂತು. ಆಮೇಲೆ ಒಂದು ಕಡೆ ಸಿಕ್ಕಿಹಾಕಿಕೊಂಡು ಸುಮ್ನೆ ಸುತ್ತತೊಡಗಿತು. ಕೈಪಿಡಿಯ ಹಿಂಬದಿಯಲ್ಲಿ ಪೆನ್ಸಿಲ್ ಹಿಡಿದು ಒಂದೊಂದೇ ಸಾಲು ನಾನೇ ಮಷಿನ್ ಆಗಿ ಓಡಿದೆ. ಬಂದ ಅಂಕಿ ಸೊನ್ನೆ! ನಾನು ಮೊದಲು ಒಂದು ಕಳೆದು, ಆಮೇಲೆ ಸೊನ್ನೆಯಾ ಅಂತ ನೋಡುತ್ತಿದ್ದೆ. ಸೊನ್ನೆಯಲ್ಲಿ ಒಂದು ಕಳೆದರೆ ಮೈನಸ್ ಒಂದು. ಅಲ್ಲಿಂದ ಕೆಳಗಿಳಿಯುತ್ತಾ ಹೋದರೆ ಸೊನ್ನೆ ಎಲ್ಲಿ ಸಿಗಬೇಕು? ನೋಡುವ ಸಾಲನ್ನು ಕಳೆಯುವ ಸಾಲಿನ ಮೇಲೆ ಹಾಕಿದೆ. ಆ ಒಂದು ಸಾಲು ಮೇಲೆ ಹೋಗಿದ್ದಕ್ಕೆ ಉಳಿದದ್ದೆಲ್ಲಾ ಕೆಟ್ಟು, ಮೂರನೇ ರಾತ್ರಿ ಮತ್ತೆ ಕೂತೆ.

ಈ ಮೂರು ರಾತ್ರಿಯಲ್ಲಿ ಎಷ್ಟು ಸಲ ತಪ್ಪಿದೆನೋ, ಲೆಕ್ಕ ಇಲ್ಲ. ಒಂದು ಸಲವೂ ಆ ಸದ್ದು ಬರಲಿಲ್ಲ. ಟೆಂಪೊ ಇಲ್ಲ, ಹಾರ್ನ್ ಇಲ್ಲ. ನಿಲ್ಲಿಸು, ತಿದ್ದು, ಓಡಿಸು. ಕೊನೆಕೊನೆಗೆ ಬೇಕಂತಲೇ ತಪ್ಪು ಬರೆದು ನೋಡತೊಡಗಿದೆ, ಏನಾಗುತ್ತದೆ ಅಂತ. ಎಷ್ಟೋ ವರ್ಷದಿಂದ ಕೈ ಮುದುಡಿಕೊಂಡು ಕೂತವನು ನಾನು. ಬೇಕಂತ ತಪ್ಪು ಮಾಡುವುದು ಎಂಥಾ ಸುಖ ಅಂತ ನಿಮಗೆ ಹೇಗೆ ಹೇಳಲಿ!

ಹಾಗಂತ ಆಟ ಮುದ್ದು ಮಾಡುವುದಿಲ್ಲ. ಗೆದ್ದಾಗ ಪಟಾಕಿ ಇಲ್ಲ, ಭೇಷ್ ಅನ್ನುವವರಿಲ್ಲ. ಒಂದು ಗ್ರಾಫ್ ತೋರಿಸುತ್ತದೆ. ಇದೇ ಪಜಲನ್ನು ಬಿಡಿಸಿದ ಬೇರೆಯವರಿಗೆ ಎಷ್ಟು ಸೈಕಲ್, ಅಂದರೆ ಮಷಿನ್ ಓಡುವ ಹೆಜ್ಜೆ, ಹಿಡಿಯಿತು, ಎಷ್ಟು ಚೌಕ, ಎಷ್ಟು ಸಾಲು ಬೇಕಾಯಿತು ಅಂತ ಗುಡ್ಡದ ಹಾಗೆ ಒಂದು ಚಿತ್ರ. ಅದರಲ್ಲಿ ನಾನು ಎಲ್ಲಿದ್ದೇನೆ ಅಂತ ಒಂದು ಗುರುತು. ನನ್ನ ಗುರುತು ಗುಡ್ಡ ಇಳಿದು ಬಲಗಡೆ ಬಯಲಿನಲ್ಲಿ ಒಂಟಿಯಾಗಿ ನಿಂತಿತ್ತು. ಮೂರು ರಾತ್ರಿಯ ಸಂಪಾದನೆ! ಮೊದಲನೇ ನಂಬರ್ ಯಾರದ್ದು, ಹೇಗೆ ಬರೆದಿದ್ದಾರೆ, ಯಾವುದನ್ನೂ ಅದು ಹೇಳುವುದಿಲ್ಲ. ಇನ್ನೂ ಚೆನ್ನಾಗಿ ಮಾಡುವ ದಾರಿ ಇದೆ, ಯಾರೋ ಮಾಡಿದ್ದಾರೆ ಅನ್ನುವುದಷ್ಟೇ ಗೊತ್ತಾಗುತ್ತದೆ. ಮಲಗಲು ಬಿಡದ ವಿಷಯ ಅದೇ. ನಮ್ಮ ಶೆಡ್‌ಗಳ ಗೋಡೆ ಮೇಲೆ ಕೈಜೆನ್ ಅಂತ ಬೋರ್ಡ್ ಹಾಕಿರುತ್ತಾರಲ್ಲ, ಸುಧಾರಿಸುತ್ತಾ ಇರಬೇಕು ಅಂತ ಅರ್ಥ, ಅದನ್ನು ದಿನಾ ನೋಡಿಯೂ ನನಗೆ ಏನೂ ಅನ್ನಿಸಿರಲಿಲ್ಲ. ಝಾಕ್‌ಟ್ರಾನಿಕ್ಸ್ 2022ರಲ್ಲಿ ಕೊನೆಯ ಆಟ ಬಿಟ್ಟು ಅಂಗಡಿ ಮುಚ್ಚಿತು. ಅದೇ ಬಳಗದವರು ಸೇರಿ 2025ರಲ್ಲಿ ತಂದ ಆಟ 1980ರ ದಶಕದ ಜಪಾನಿನ ಫ್ಯಾಕ್ಟರಿಯದ್ದು. ಹೆಸರೇ ಕೈಜೆನ್. ನಕ್ಕುಬಿಟ್ಟೆ. ಬೋರ್ಡ್ ನನ್ನ ಬೆನ್ನು ಬಿಡುವುದಿಲ್ಲ.

ಈ ಆಟಗಳಿಂದ ಕೆಲಸಕ್ಕೆ ಏನಾದರೂ ಉಪಯೋಗ ಆಯಿತಾ? ಆಯಿತು, ಹೇಳಿಬಿಡುತ್ತೇನೆ. ಒಂದು ಹಳೇ ಪ್ರೋಗ್ರಾಮ್‌ನಲ್ಲಿ ಪ್ರತಿ ಸಲ ಟೂಲ್ ಬದಲಿಸುವಾಗ ಟರೆಟ್ ಪೂರ್ತಿ ಹಿಂದೆ, ಹೋಮ್‌ವರೆಗೆ ಹೋಗಿ ಬರುತ್ತಿತ್ತು. ಯಾಕೆ? ಮೊದಲು ಬರೆದವರು ಹಾಗೆ ಬರೆದಿದ್ದರು, ಅದಕ್ಕೆ. ಜಾಬಿಗೆ ತಾಗದಷ್ಟು ದೂರದಲ್ಲಿ, ಹತ್ತಿರವೇ ತಿರುಗುವ ಹಾಗೆ ಮಾಡಿದೆ. ಸಿಂಗಲ್ ಬ್ಲಾಕ್‌ನಲ್ಲೇ ಓಡಿಸಿ ನೋಡಿದೆ, ಬೆವರಿಳಿಯಿತು. ಒಂದು ಪೀಸಿಗೆ 11 ಸೆಕೆಂಡು ಉಳಿಯಿತು. 400 ಪೀಸಿನ ಲಾಟ್‌ಗೆ ಒಂದು ತಾಸಿನ ಮೇಲೆ. ಆದರೆ ಇದನ್ನು ಹೇಳಲು ನನಗೆ ಮುಜುಗರ. ಹೇಳಿದ ಕೂಡಲೇ ಜನ "ಹಾಗಾದ್ರೆ ಆಟದಿಂದ ಉಪಯೋಗ ಇದೆ" ಅಂತ ಒಪ್ಪಿಕೊಂಡುಬಿಡುತ್ತಾರೆ. ಉಪಯೋಗ ಇಲ್ಲದಿದ್ದರೂ ನಾನು ಆಡುತ್ತಿದ್ದೆ. ಭಜನೆಗೆ ಹೋಗುವವರನ್ನು ಇದರಿಂದ ಏನು ಉಪಯೋಗ ಅಂತ ಯಾರೂ ಕೇಳುವುದಿಲ್ಲ ಅಲ್ವಾ.

ಒಂದು ತಕರಾರು ಮಾತ್ರ ನನಗೂ ಇದೆ. ಈ ಆಟಗಳ ಲೋಕ ತೀರಾ ಚೊಕ್ಕ. ಟಿಐಎಸ್-100ರಲ್ಲಿ 7 ಯಾವತ್ತೂ 7. ನಮ್ಮಲ್ಲಿ ಹಾಗಲ್ಲ. ಅದೇ ಪ್ರೋಗ್ರಾಮ್, ಅದೇ ಮಷಿನ್. ಬೆಳಿಗ್ಗೆ ಮೊದಲ ಪೀಸು ಒಂದು ಅಳತೆ, ಮಷಿನ್ ಬಿಸಿಯಾದಮೇಲೆ ಇನ್ನೊಂದು. ಇನ್ಸರ್ಟ್ ಸವೆಯುತ್ತಾ ಹೋದ ಹಾಗೆ ವ್ಯಾಸ ನಿಧಾನಕ್ಕೆ ದಪ್ಪವಾಗುತ್ತದೆ, ಅಳತೆ ತಿದ್ದುವ ಆಫ್‌ಸೆಟ್‌ನಲ್ಲಿ ಹತ್ತು ಮೈಕ್ರಾನ್ ಅತ್ತಿತ್ತ ಮಾಡುತ್ತಾ ಇರಬೇಕು. ಎಲ್ಲಾ ಸರಿ ಇದೆ ಅನ್ನುವಾಗ ಕಾಸ್ಟಿಂಗ್ ಒಳಗೆ ಬ್ಲೋಹೋಲ್, ಗಾಳಿ ಗುಳ್ಳೆಯ ತೂತು, ಸಿಗುತ್ತದೆ, ನೀವು ಎಷ್ಟು ಚೆನ್ನಾಗಿ ಬರೆದಿದ್ದರೂ ಆ ಪೀಸು ರಿಜೆಕ್ಟ್. ಆಟದಲ್ಲಿ ತಪ್ಪು ಯಾವಾಗಲೂ ನನ್ನದೇ. ಶೆಡ್‌ನಲ್ಲಿ ತಪ್ಪು ಯಾರದ್ದು ಅಂತ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಇದು ಆಟದ ಕೊರತೆಯೋ ಗುಣವೋ, ದಿನಕ್ಕೊಂದು ಥರ ಅನ್ನಿಸುತ್ತದೆ. ಜಗಳ ಆಡಿ ಬಂದ ದಿನ ಗುಣ.

ಈ ಚೊಕ್ಕತನ ಸ್ವಲ್ಪ ಕಡಿಮೆ ಇರುವ ಆಟ ಫ್ಯಾಕ್ಟೋರಿಯೋ. ಪ್ರಾಗ್ ನಗರದ ವೂಬ್ ಸಾಫ್ಟ್‌ವೇರ್‌ನವರದ್ದು, 2020ರ ಆಗಸ್ಟ್‌ನಲ್ಲಿ ಪೂರ್ತಿ ರೂಪದಲ್ಲಿ ಬಂತು. ಸೇಲ್ ಬರಲಿ ಅಂತ ಎರಡು ದೀಪಾವಳಿ ಕಾದೆ. ಆಮೇಲೆ ಗೊತ್ತಾಯಿತು, ಇವರು ಸೇಲ್ ಹಾಕುವವರೇ ಅಲ್ಲವಂತೆ. ಬೇರೆ ಗ್ರಹದಲ್ಲಿ ಬಿದ್ದಿದ್ದೀರಿ, ಅದಿರು ಅಗೆದು, ಕರಗಿಸಿ, ಬೆಲ್ಟ್ ಹಾಕಿ, ಫ್ಯಾಕ್ಟರಿ ಕಟ್ಟಿ, ಕೊನೆಗೆ ರಾಕೆಟ್ ಹಾರಿಸಬೇಕು. ಒಂದು ಹಸಿರು ಸರ್ಕ್ಯೂಟ್‌ಗೆ ಒಂದು ಕಬ್ಬಿಣದ ತಗಡು, ಮೂರು ತಾಮ್ರದ ತಂತಿ. ತಂತಿ ಮಾಡುವ ಮೂರು ಮಷಿನ್ ಇಟ್ಟರೆ ಸರ್ಕ್ಯೂಟ್ ಮಾಡುವ ಎರಡು ಮಷಿನ್‌ಗೆ ಸರಿಹೋಗುತ್ತದೆ. ಇಷ್ಟು ಗೊತ್ತಾದಮೇಲೆ ತಾಮ್ರ ಸಾಲುವುದಿಲ್ಲ. ತಾಮ್ರ ತಂದರೆ ಕರೆಂಟ್ ಸಾಲುವುದಿಲ್ಲ. ಕರೆಂಟ್ ಹೆಚ್ಚಿಸಿದರೆ ಕಲ್ಲಿದ್ದಲು ಸಾಲುವುದಿಲ್ಲ. ಇದನ್ನು ನಮ್ಮ ಮಾಲೀಕರಿಗೆ ತೋರಿಸಬೇಕು ಅನ್ನಿಸಿತ್ತು. ಬೇಡ, ಅವರು ದಿನಾ ಇದನ್ನೇ ಆಡುತ್ತಾರೆ.

ಕರ್ಬಲ್ ಸ್ಪೇಸ್ ಪ್ರೋಗ್ರಾಮ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಾನು ಅದರಲ್ಲಿ ದಡ್ಡ. ರಾಕೆಟ್ ಕಟ್ಟಿ ಹಾರಿಸುವ ಆಟ. ನನ್ನವು ಬಹುಪಾಲು ಬೀಳುತ್ತವೆ. ಆದರೆ ಕಕ್ಷೆಯಲ್ಲಿ ಮುಂದೆ ಹೋಗುತ್ತಿರುವ ನೌಕೆಯನ್ನು ಹಿಡಿಯಲು ವೇಗ ಹೆಚ್ಚಿಸಬಾರದು, ಕಡಿಮೆ ಮಾಡಿ ಕೆಳಗಿಳಿಯಬೇಕು, ಕೆಳಗಿನ ಸುತ್ತು ಬೇಗ ಮುಗಿಯುತ್ತದೆ ಅನ್ನುವುದು ಅದರಲ್ಲಿ ಬಿದ್ದು ಬಿದ್ದೇ ತಿಳಿದದ್ದು. 2013ರ ನವೆಂಬರ್ 5ಕ್ಕೆ ಹಾರಿದ ಮಂಗಳಯಾನ ಆ ತಿಂಗಳು ಪೂರ್ತಿ ಭೂಮಿಯನ್ನೇ ಯಾಕೆ ಸುತ್ತುತ್ತಿತ್ತು ಅಂತ ಆಗ ಪೇಪರ್ ಓದಿ ಅರ್ಥ ಆಗಿರಲಿಲ್ಲ. ಭೂಮಿಗೆ ಹತ್ತಿರ ಬಂದಾಗಲೆಲ್ಲ ಸ್ವಲ್ಪ ಸ್ವಲ್ಪ ತಳ್ಳಿ ಕಕ್ಷೆಯನ್ನು ಉದ್ದ ಮಾಡುತ್ತಿದ್ದರು. ಜೋಕಾಲಿ ಕೆಳಗೆ ಬಂದಾಗ ಮೀಟುವ ಹಾಗೆ. ಕರ್ಬಲ್‌ನಲ್ಲಿ ನನ್ನ ಇಂಧನ ನಾಲ್ಕು ಸಲ ಖಾಲಿಯಾದಮೇಲೆ ಇಸ್ರೋದವರ ತಾಳ್ಮೆ ಏನು ಅಂತ ಗೊತ್ತಾಯಿತು.

ಈಗ ಅಪ್ಪನ ವಿಷಯ.

ಅಪ್ಪ ಟರ್ನರ್. ಸಿಎನ್‌ಸಿ ಅಲ್ಲ, ಕೈಯಿಂದ ತಿರುಗಿಸುವ ಹಳೇ ಲೇಥು. ಇದೇ ಉದ್ಯಮಬಾಗದಲ್ಲಿ 31 ವರ್ಷ ನಿಂತು ಕೆಲಸ ಮಾಡಿ, ಈಗ ಮೊಣಕಾಲು ಹಿಡಿದುಕೊಂಡು ಮನೆಯಲ್ಲಿದ್ದಾರೆ. ಈಗಲೂ ಹೊಸ ಸ್ಟೀಲ್ ಲೋಟ ತಂದರೆ ಅಂಚಿನ ಮೇಲೆ ಉಗುರು ಆಡಿಸಿ ಫಿನಿಶಿಂಗ್ ನೋಡುತ್ತಾರೆ. ನನ್ನ ಆಟಗಳ ಕಡೆ ಅವರು ತಿರುಗಿ ನೋಡಿದವರಲ್ಲ. ಹೋದ ತಿಂಗಳು ಒಂದು ರಾತ್ರಿ ನೀರು ಕುಡಿಯಲು ಎದ್ದವರು ನನ್ನ ಬೆನ್ನ ಹಿಂದೆ ನಿಂತರು.

ಪರದೆ ಮೇಲೆ ಓಪಸ್ ಮ್ಯಾಗ್ನಮ್ ಇತ್ತು. 2017ರ ಆಟ, ಇದೂ ಝಾಕ್‌ಟ್ರಾನಿಕ್ಸ್‌ನದ್ದೇ. ರಸವಿದ್ಯೆಯ ಮಷಿನ್ ಕಟ್ಟುವುದು. ಸೀಸದ ಗುಂಡಿಗೆ ಪಾದರಸ ಉಣಿಸಿದರೆ ತವರ ಆಗುತ್ತದೆ, ಮತ್ತೆ ಉಣಿಸಿದರೆ ಕಬ್ಬಿಣ, ಆಮೇಲೆ ತಾಮ್ರ, ಬೆಳ್ಳಿ, ಕೊನೆಗೆ ಚಿನ್ನ. ಇದನ್ನೆಲ್ಲಾ ಮಾಡಲು ಪುಟ್ಟ ಪುಟ್ಟ ಲೋಹದ ಕೈಗಳಿವೆ. ಹಿಡಿ, ತಿರುಗು, ಬಿಡು ಅಂತ ಪ್ರತಿ ಕೈಗೂ ಒಂದು ಪಟ್ಟಿ ಬರೆದುಕೊಡಬೇಕು. ಎಲ್ಲಾ ಸರಿ ಬಂದರೆ ಗಡಿಯಾರದ ಒಳಗು ನೋಡಿದ ಹಾಗೆ ಓಡುತ್ತದೆ. ನನ್ನದು ಓಡುತ್ತಿತ್ತು. ಮೂರು ಕೈಗಳು. ನಾನೇ ಕಟ್ಟಿದ್ದು ಅಂತ ಸುಮ್ನೆ ನೋಡುತ್ತಾ ಕೂತಿದ್ದೆ.

ಅಪ್ಪ ಎರಡು ನಿಮಿಷ ನೋಡಿದರು. ಆಮೇಲೆ ಬಗ್ಗಿ, ಪರದೆಗೆ ಉಗುರು ತಾಗಿಸಿ ಕೇಳಿದರು.

"ತಮ್ಮಾ, ಈ ಕೈ ಯಾಕ ಸುಮ್ನ ನಿಂತೈತಿ?"

ನೋಡಿದೆ. ಹೌದು. ಮೂರನೇ ಕೈ ಒಂದು ಸಲ ಗುಂಡನ್ನು ಎತ್ತಿಟ್ಟು, ಉಳಿದ ಹೊತ್ತೆಲ್ಲಾ ನಿಂತೇ ಇರುತ್ತಿತ್ತು. ನನಗೆ ಕಂಡಿರಲೇ ಇಲ್ಲ.

"ಅದು ಎತ್ತಿ ಆ ಕಡಿ ಇಡಾಕ ಬೇಕಪಾ."

"ಆ ಕಡೀದ್ದನ್ನ ಈ ಕಡಿ ತಂದಿಟ್ರ?"

ತಂದಿಟ್ಟೆ. ಮೂರನೇ ಕೈ ತೆಗೆದೆ. ಒಂದು ಕೈಗೆ ಆಟದಲ್ಲಿ 20 ಬೆಲೆ, ಅಷ್ಟು ಖರ್ಚು ಕಮ್ಮಿಯಾಯಿತು. ಓಡಿಸಿದೆ. ಎರಡು ಕೈಗಳು ಸರಿಯಾಗಿಯೇ ಓಡಿದವು, ಆದರೆ ಸೈಕಲ್ ಲೆಕ್ಕ ಏರಿತು.

"ಖರ್ಚು ಇಳೀತು, ಆದ್ರ ಟೈಮ್ ಜಾಸ್ತಿ ಆತಪಾ."

ಅಪ್ಪ ಏನೂ ಅನ್ನಲಿಲ್ಲ. ಒಳಗೆ ಹೋದರು. ಮಲಗಲು ಹೋದರು ಅಂದುಕೊಂಡೆ. ಕನ್ನಡಕ ಹಾಕಿಕೊಂಡು, ಒಂದು ಕೈಯಲ್ಲಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬಂದರು.

"ಇನ್ನೊಮ್ಮೆ ಓಡಸು. ಸಾವಕಾಶ."